ಒಂಬತ್ತು ಸಲ ಕೈಮುಗಿದ ಫೋಟೋ

ಚನ್ನೇಶನ ಫೋನಿನಿಂದ ಆ ಫೋಟೋ ಹೊರಟದ್ದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ವೇಳೆಯ ಬಗ್ಗೆ ವಿವಾದವಿಲ್ಲ. ನೂರಾ ಎಂಬತ್ತಮೂರು ಫೋನುಗಳಲ್ಲಿ ಅದು ದಾಖಲಾಗಿದೆ. ಕಳಿಸಿದವನ ವಯಸ್ಸು ಎರಡು ವರ್ಷ ಒಂದು ತಿಂಗಳು. ಆ ಹೊತ್ತಿನಲ್ಲಿ ಚನ್ನೇಶ ನಿದ್ದೆಯಲ್ಲಿದ್ದ ಎಂಬುದನ್ನೂ ಎಲ್ಲರೂ ಒಪ್ಪುತ್ತಾರೆ. ಆಮೇಲೆ ನಡೆದದ್ದರ ಬಗ್ಗೆ ಮಾತ್ರ ಚಿಕ್ಕೇರೂರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುವುದರಿಂದ, ಮೊದಲಿನಿಂದ ಹೇಳುವುದೇ ಒಳ್ಳೆಯದು.

ಚನ್ನೇಶ ಶಿಗ್ಗಾಂವಿಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಗುಮಾಸ್ತ. ಸೋಮವಾರ ಅಂಗಡಿಗೆ ವಾರದ ರಜೆ. ಹಾಗಾಗಿ ಭಾನುವಾರ ಸಂಜೆಯೇ ಹೆಂಡತಿ ರಂಜನಾ ಮತ್ತು ಮಗನನ್ನು ಕರೆದುಕೊಂಡು ಚಿಕ್ಕೇರೂರಿನ ಮಾವನ ಮನೆಗೆ ಬಂದಿದ್ದ. ಮಗನಿಗೆ ಮುತ್ತಜ್ಜನ ಹೆಸರಿಟ್ಟಿದ್ದರು: ಉಳಿವೆಪ್ಪ. ಹೆಸರಿನ ಭಾರಕ್ಕೆ ತಕ್ಕ ಗಾಂಭೀರ್ಯ ಅವನಲ್ಲಿತ್ತು. ಮಾತು ಇನ್ನೂ ಬಂದಿರಲಿಲ್ಲ. ಅಪ್ಪನ ಫೋನಿನ ಬೀಗ ತೆಗೆಯುವುದು ಬಂದಿತ್ತು.

ಬಂದ ಕಾರಣ ರಂಜನಾಳ ತಂಗಿ ಅಂಕಿತಾ. ಹಾನಗಲ್ಲಿನ ರುದ್ರೇಶ ಎಂಬ ಹುಡುಗನ ಕಡೆಯವರು ಎರಡು ತಿಂಗಳ ಹಿಂದೆ ಹೆಣ್ಣು ಕೇಳಿಕೊಂಡು ಬಂದು ಹೋಗಿದ್ದರು. ಜಾತಕ, ಮನೆತನ, ಎಲ್ಲವೂ ಕೂಡಿಬಂದಿತ್ತು. ಹುಡುಗಿ ಒಪ್ಪಿದ್ದಳು, ತಾಯಿ ವೀರವ್ವ ಒಪ್ಪಿದ್ದರು. ಒಪ್ಪದೇ ಉಳಿದವರು ತಂದೆ ಪರಮೇಶಪ್ಪ ಮಾಸ್ತರರು ಒಬ್ಬರೇ. ಹುಡುಗನದು ಶಾಮಿಯಾನ ಬಾಡಿಗೆ ಕೊಡುವ ಅಂಗಡಿ; ಅದೇ ತಕರಾರು.

"ಇವತ್ತು ಕಟ್ಟೂದು, ನಾಳೆ ಬಿಚ್ಚೂದು," ಎಂದಿದ್ದರು ಮಾಸ್ತರರು. "ಇದೂ ಒಂದು ಉದ್ಯೋಗ ಏನು? ನಾಳೆ ಸಂಸಾರಾನೂ ಹಂಗ ಮಾಡಿದ್ರ?"

ಸೋಮವಾರ ಸಂಜೆ ಹೌದೋ ಅಲ್ಲವೋ ಹೇಳಿಬಿಡುತ್ತೇನೆ ಎಂದು ಹಾನಗಲ್ಲಿಗೆ ಮಾತು ಕೊಟ್ಟಿದ್ದರು. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿದವರು. ಅವರು ಸುಮ್ಮನಿದ್ದಾರೆಂದರೆ ಉತ್ತರ 'ಅಲ್ಲ' ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಭಾನುವಾರ ಊಟವಾದ ಮೇಲೆ ಅಂಕಿತಾ ಚನ್ನೇಶನನ್ನು ಹಿತ್ತಲಿಗೆ ಕರೆದಳು.

"ಮಾಮಾ, ನಿಮಗ ಕೈ ಮುಗೀತೇನಿ. ನಾಳೆ ಒಂದ ದಿನ ನೀವು ಅವರ ಪರವಾಗಿ ಮಾತಾಡಬ್ಯಾಡ್ರಿ."

"ಅಲ್ಲವಾ, ಹುಡುಗ ಚಲೋ ಅದಾನ ಅಂತ ಒಂದ ಮಾತು..."

"ಅದನ್ನ ಅನಬ್ಯಾಡ್ರಿ ಅಂತನ ಹೇಳಾಕತ್ತೇನಿ. ನೀವು ಚಲೋ ಅಂದದ್ದು ಯಾವುದನ್ನ ಅಪ್ಪ ಒಪ್ಪ್ಯಾನ? ಪಂಪು ಚಲೋ ಐತಿ ಅಂದ್ರಿ, ವಾಪಸ್ ಕಳಿಸಿದ. ಕಣ್ಣಿನ ಡಾಕ್ಟರು ಚಲೋ ಅದಾರ ಅಂದ್ರಿ, ಇನ್ನೂ ಪೊರಿ ತಗಸಿಲ್ಲ. ನೀವು ಬಾಯಿ ಮುಚ್ಚಕೊಂಡ ಕುಂತ್ರ ಅದ ನನಗ ದೊಡ್ಡ ಉಪಕಾರ."

ಚನ್ನೇಶ ಬಾಯಿ ಮುಚ್ಚಿಕೊಂಡಿರುವುದಾಗಿ ಮಾತು ಕೊಟ್ಟ. ಆ ಮಾತನ್ನು ಅವನು ಮುರಿಯಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಮುಂದಿನದೆಲ್ಲ ಅವನು ಬಾಯಿ ತೆರೆಯದೆಯೇ ನಡೆಯಿತು.

ಸೋಮವಾರ ಬೆಳಿಗ್ಗೆ ಆರೂವರೆಗೆ ಮಾಸ್ತರರು ಅಳಿಯನನ್ನು ಪೂಜೆಯ ಕೋಣೆಗೆ ಕರೆದರು. ಸ್ನಾನ ಮಾಡಿ, ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕುಳಿತಿದ್ದರು.

"ಒಂದು ಫೋಟೋ ತಗಿ. ನಮ್ಮಪ್ಪ ಹೋದಾಗ ಮನ್ಯಾಗ ಒಂದು ಫೋಟೋ ಇರಲಿಲ್ಲ. ರೇಶನ್ ಕಾರ್ಡಿನ್ಯಾಗಿಂದು ದೊಡ್ಡದು ಮಾಡಿಸಿದ್ವಿ. ನೋಡಲ್ಲೆ, ಗೋಡಿ ಮ್ಯಾಲ, ಕುತ್ತಿಗೀನ ಇಲ್ಲ. ನಾ ಹೋದ ಮ್ಯಾಲ ನೀವು ಯಾವುದು ಹಾಕ್ತೀರೋ ನನಗ ನಂಬಿಕಿ ಇಲ್ಲ."

"ಯಾಕ್ರಿ ಮಾವಾರ ಮುಂಜಮುಂಜಾನೆ ಇಂಥಾ ಮಾತು..."

"ಮಾತು ಸಾಕು. ತಗಿ."

ಹನ್ನೊಂದು ಫೋಟೋ ತೆಗೆದ. ಹತ್ತನ್ನು ಮಾಸ್ತರರು ತಿರಸ್ಕರಿಸಿದರು. ಹನ್ನೊಂದನೆಯದರಲ್ಲಿ ಕಣ್ಣು ಮುಚ್ಚಿತ್ತು, ಮುಖ ಶಾಂತವಾಗಿತ್ತು, ಗೋಡೆಯ ಮೇಲಿನ ಚೆಂಡುಹೂವಿನ ಮಾಲೆ ಕ್ಯಾಮೆರಾದ ಓರೆಯಿಂದಾಗಿ ಅವರ ಕೊರಳಲ್ಲೇ ಇದ್ದಂತೆ ಬಂದಿತ್ತು. "ಇದಿರಲಿ. ವ್ಯಾಳ್ಯಾ ಬಂದಾಗ ಇದನ್ನ ಹಾಕು. ಅಲ್ಲೀಮಟ ಯಾರಿಗೂ ಕಳಸಬ್ಯಾಡ," ಎಂದರು.

ಲಿಂಗವಂತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಎಡಗೈಯಲ್ಲಿ ಲಿಂಗವಿಟ್ಟು, ಗದ್ದುಗೆಯ ಮೇಲೆ ಬೆನ್ನು ಆನಿಸಿ ಕೂಡಿಸುತ್ತಾರೆ. ಹೀಗಾಗಿ ಪೂಜೆಗೆ ಕುಳಿತ ಮನುಷ್ಯನಿಗೂ ತೀರಿಕೊಂಡ ಮನುಷ್ಯನಿಗೂ ಇರುವ ವ್ಯತ್ಯಾಸ ಉಸಿರಾಟ ಒಂದೇ. ಅದು ಫೋಟೋದಲ್ಲಿ ಬರುವುದಿಲ್ಲ.

ಇನ್ನೊಂದು ಸಂಗತಿ. 'ಪರಮೇಶಪ್ಪ ಮಾಸ್ತರರ ಬಳಗ' ಎಂಬ ವಾಟ್ಸಾಪ್ ಗುಂಪಿಗೆ ಚನ್ನೇಶ ಅಡ್ಮಿನ್. ಜೀವನದಲ್ಲಿ ಅವನಿಗೆ ಸಿಕ್ಕ ಅಧಿಕಾರ ಅದೊಂದೇ. ಹೋದ ಶ್ರಾವಣದಲ್ಲಿ ಶುಭೋದಯದ ಚಿತ್ರಗಳ ಬಗ್ಗೆ ಜಗಳವಾಗಿ ಇಬ್ಬರು ಮಾತು ಬಿಟ್ಟಾಗ, ಅಡ್ಮಿನ್‌ಗಳ ಹೊರತು ಬೇರೆ ಯಾರೂ ಗುಂಪಿಗೆ ಏನನ್ನೂ ಕಳಿಸಲಾಗದಂತೆ ಅವನು ವ್ಯವಸ್ಥೆ ಮಾಡಿದ್ದ. ಎರಡನೆಯ ಅಡ್ಮಿನ್ ರಂಜನಾ. ಆಮೇಲೆ ಗುಂಪಿಗೆ ಎರಡೇ ಬಗೆಯ ಸುದ್ದಿ ಬರುತ್ತಿತ್ತು. ಮದುವೆಯಾದರೆ ಲಗ್ನಪತ್ರಿಕೆ, ಸಾವಾದರೆ ಫೋಟೋ, ಅದರ ಕೆಳಗೆ ಕೈಮುಗಿದ ಒಂದು ಚಿತ್ರ. ಆರು ತಿಂಗಳಲ್ಲಿ ಏಳು ಸಾವು ಹೀಗೆ ಪ್ರಕಟವಾಗಿದ್ದವು. ಒಂದೂ ಸುಳ್ಳಾಗಿರಲಿಲ್ಲ.

ಏಳೂವರೆಯ ಬಸ್ಸಿಗೆ ಮಾಸ್ತರರು, ವೀರವ್ವ, ಇಬ್ಬರು ಹೆಣ್ಣುಮಕ್ಕಳು ರಟ್ಟೀಹಳ್ಳಿಯ ಕದಂಬೇಶ್ವರನ ದರ್ಶನಕ್ಕೆ ಹೊರಟರು. ದೇವರಿಗೆ ಹೋಗುವಾಗ ಫೋನ್ ಯಾಕೆ ಎಂದು ಹೆಣ್ಣುಮಕ್ಕಳ ಫೋನುಗಳನ್ನು ಮಾಸ್ತರರು ಇಸಿದುಕೊಂಡು, ಆರಿಸಿ, ತಮ್ಮ ಕೈಚೀಲದಲ್ಲಿ ಹಾಕಿಕೊಂಡರು. ಮಾಸ್ತರರೂ ವೀರವ್ವನೂ ಫೋನ್ ಇಟ್ಟುಕೊಂಡವರೇ ಅಲ್ಲ. ಉಳಿವೆಪ್ಪನಿಗೆ ಬಸ್ಸಿನಲ್ಲಿ ವಾಂತಿಯಾಗುವುದರಿಂದ ಅವನೂ ಅವನನ್ನು ನೋಡಿಕೊಳ್ಳಲು ಚನ್ನೇಶನೂ ಮನೆಯಲ್ಲಿ ಉಳಿದರು. ಒಂಬತ್ತೂವರೆಗೆ ಚನ್ನೇಶ ಮೂರು ರೊಟ್ಟಿ ತಿಂದು ಪಡಸಾಲೆಯಲ್ಲಿ ಅಡ್ಡಾದ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರು ಎಂಬುದು ಅಲ್ಲಿಂದ ಅಸ್ಪಷ್ಟ.

ಉಳಿವೆಪ್ಪ ಫೋನಿನ ಬೀಗ ತೆಗೆದಾಗ ತೆರೆಯ ಮೇಲೆ ಅಜ್ಜ ಇದ್ದ. ಅಜ್ಜನನ್ನು ಗುಂಪಿಗೆ ಕಳಿಸಲು ನಾಲ್ಕು ಸಲ ಒತ್ತಬೇಕು. ಆಮೇಲೆ ಮನೆಯವರೇ ಎಣಿಸಿ ನೋಡಿದ್ದಾರೆ. ನಾಲ್ಕನ್ನೂ ಅವನು ಸರಿಯಾಗಿ ಒತ್ತಿದ. ನಂತರ ಕೈಮುಗಿದ ಚಿತ್ರ ಸಿಕ್ಕಿತು. ಅದನ್ನು ಒಂಬತ್ತು ಸಲ ಒತ್ತಿದ. ಬಳಗದವರು ಅದನ್ನು ನೋಡಿ, ಅಳಿಯನಿಗೆ ಮಾವನ ಮೇಲೆ ಇಷ್ಟೊಂದು ಭಕ್ತಿ ಇತ್ತೆಂದು ಮೊದಲ ಬಾರಿಗೆ ತಿಳಿದುಕೊಂಡರು.

ಗುಂಪಿನಲ್ಲಿ ಕೇಳುವಂತಿಲ್ಲವಾದ್ದರಿಂದ ಜನ ಫೋನ್ ಮಾಡತೊಡಗಿದರು. ಉಳಿವೆಪ್ಪ ಅಷ್ಟರಲ್ಲಿ ಆನೆಯ ಕಾರ್ಟೂನ್ ಹಾಕಿಕೊಂಡಿದ್ದ. ಫೋನ್ ಬಂದರೆ ಆನೆ ಮಾಯವಾಗುತ್ತದೆ, ಕೆಂಪು ಗುಂಡಿ ಒತ್ತಿದರೆ ಮರಳಿ ಬರುತ್ತದೆ. ಒಟ್ಟು ಬಂದ ಕರೆ ಮೂವತ್ತೊಂದು. ಇಪ್ಪತ್ತೆರಡನ್ನು ಅವನು ಕತ್ತರಿಸಿದ. ಆಮೇಲೆ ಬೇಸರವಾಗಿ ಫೋನನ್ನು ಒಳಕೋಣೆಯ ಗೋವಿನಜೋಳದ ಚೀಲದೊಳಗೆ ತಳ್ಳಿದ. ಉಳಿದ ಒಂಬತ್ತು ಗೋವಿನಜೋಳಕ್ಕೆ ಬಂದವು.

ಚನ್ನೇಶನನ್ನು ಎಬ್ಬಿಸಿದವರು ಪಕ್ಕದ ಮನೆಯ ರಮಜಾನಬಿ.

"ಏಳಪಾ ಚನ್ನೇಶಪ್ಪಾ. ಹಿಂಗ ನೆಲಾ ಹಿಡಕೊಂಡ ಬಿದ್ರ ಹೆಂಗ? ಗಂಡಮಗ ಅದಿ, ಧೈರ್ಯಾ ತಗೋಬೇಕು."

"ಏನಾತ್ರಿ ಚಾಚಿ?"

"ಏನಾತಂತ ನಾ ಏನ ಹೇಳ್ಲಿ. ಎಂಥಾ ಮನಶಾ ತೀರಕೊಂಡ್ರು. ಮುಂಜಾನೆ ನನ್ನ ಕಣ್ಣೆದುರಿಗೆ ಛತ್ರಿ ಹಿಡಕೊಂಡ ಬಸ್ ಹತ್ತಿದ್ರು ನಿಮ್ಮ ಮಾವ. ಈಗ ನೋಡಿದ್ರ..." ಸೆರಗು ಬಾಯಿಗೆ ಹೋಯಿತು.

ಚನ್ನೇಶ ಎದ್ದು ಕುಳಿತ. "ಯಾರು ಹೇಳಿದ್ರು?"

"ನಮ್ಮ ಮಗಳು ನಸೀರಾ ಸವಣೂರಿಂದ ಫೋನ್ ಹಚ್ಚಿದ್ಲು. ನಿಮ್ಮ ಬಳಗದ ಗ್ರೂಪಿನ್ಯಾಗ ಫೋಟೋ ಬಂದೈತಂತ. ಅದು ಸವಣೂರ ತುಂಬ ತಿರಗ್ಯಾಡಾಕತ್ತೈತಿ."

ಇಲ್ಲಿ ಚನ್ನೇಶ ಬುದ್ಧಿ ಉಪಯೋಗಿಸಿದ. ಗುಂಪಿಗೆ ಕಳಿಸಬಲ್ಲವರು ಇಬ್ಬರೇ: ತಾನು ಮತ್ತು ರಂಜನಾ. ತಾನು ಮಲಗಿದ್ದ. ಆದ್ದರಿಂದ ಕಳಿಸಿದವಳು ರಂಜನಾ. ರಂಜನಾ ಇರುವುದು ತಂದೆಯ ಜೊತೆ, ರಟ್ಟೀಹಳ್ಳಿಯಲ್ಲಿ. ಅಂದಮೇಲೆ ಸುದ್ದಿ ಖಚಿತ. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಚನ್ನೇಶ ಎದೆ ಬಡಿದುಕೊಂಡು ಅತ್ತ. ಅವನು ಅಳುವುದನ್ನು ನೋಡಿ, ಸ್ವಲ್ಪ ಅನುಮಾನ ಇಟ್ಟುಕೊಂಡೇ ಬಂದಿದ್ದ ರಮಜಾನಬಿಗೂ ಸುದ್ದಿ ಖಚಿತವಾಯಿತು.

ಹನ್ನೊಂದೂವರೆಯ ಹೊತ್ತಿಗೆ ಅಂಗಳದಲ್ಲಿ ಎಪ್ಪತ್ತು ಜನ ಸೇರಿದ್ದರು. ಚನ್ನೇಶ ಫೋನ್ ಹುಡುಕಲು ಹೊರಟರೆ, "ಇಂಥಾ ಹೊತ್ತಿನ್ಯಾಗ ಫೋನ್ ಹುಡಕ್ತಾರೇನು?" ಎಂದು ಹಿರಿಯರು ಬೈದು ಕೂಡಿಸಿದರು. ಯಾರದೋ ಫೋನಿನಲ್ಲಿ ಗುಂಪಿನ ಫೋಟೋ ತೋರಿಸಿರೆಂದು ಕೇಳಿದರೆ, "ಬ್ಯಾಡ, ನೋಡಿದ್ರ ತಡಕೊಳ್ಳಾಕ ಆಗೂದಿಲ್ಲ ನಿನಗ," ಎಂದು ದಯೆಯಿಂದ ಮುಚ್ಚಿಟ್ಟರು. ರಂಜನಾಳ ಫೋನು, ಅಂಕಿತಾಳ ಫೋನು ಎರಡೂ ಆರಿದ್ದವು. ದುಃಖದಲ್ಲಿ ಆರಿಸಿದ್ದಾರೆ ಎಂದು ತೀರ್ಮಾನವಾಯಿತು.

ಹನ್ನೆರಡೂಕಾಲಿಗೆ ಹಿರೇಬೆಂಡಿಗೇರಿಯಿಂದ ಮಾಸ್ತರರ ಅಕ್ಕ ಮುದಕವ್ವ ಬಾಡಿಗೆ ಕಾರಿನಲ್ಲಿ ಬಂದಿಳಿದರು. ವಯಸ್ಸು ಎಪ್ಪತ್ತೆಂಟು. ತೊಡೆಯ ಮೇಲೆ ಮೊಳದುದ್ದದ ಹಾರ. ಕಾರಿನ ಬಾಗಿಲು ತೆಗೆಯುವ ಮೊದಲೇ ಅವರ ಅಳು ಕೇಳಿಸಿತು.

"ನನ್ನ ಬಿಟ್ಟ ಹ್ವಾದೇನೋ ಪರಮ್ಯಾ! ಇನ್ನ ಯಾರ ಕೂಡ ಜಗಳಾಡ್ಲೋ ನಾನು! ಹ್ವಾದ ಸಲ ಬಂದಾಗ ಹೋಳಿಗಿ ತಿಂದು ಉಪ್ಪು ಹೆಚ್ಚಾತು ಅಂದ್ಯಲ್ಲೋ, ಹೋಳಿಗ್ಯಾಗ ಯಾರ ಉಪ್ಪು ನೋಡ್ತಾರೋ!" ಹೊಸ್ತಿಲವರೆಗೆ ಬಂದು ಅಳು ನಿಲ್ಲಿಸಿ ಚನ್ನೇಶನನ್ನು ಕೇಳಿದರು: "ಎಲ್ಲಿ ಕೂಡಿಸೀರಿ?"

"ಇನ್ನೂ ರಟ್ಟೀಹಳ್ಳಿಯಿಂದ ಬಂದಿಲ್ರಿ, ಅತ್ತಿ."

"ಗುಡಿಯಾಗ ಜೀವ ಹ್ವಾತೇನು?"

ಚನ್ನೇಶನಿಗೆ ತಿಳಿದದ್ದು ಎರಡೇ ಸಂಗತಿ, ಎರಡನ್ನೂ ಹೇಳಿದ. "ಮುಂಜಾನೆ ಪೂಜಾ ಮಾಡಿದ್ರು. ಫೋಟೋ ತಗಿ, ನಾ ಹೋದ ಮ್ಯಾಲ ಇದನ್ನ ಹಾಕು ಅಂದ್ರು. ಆಮ್ಯಾಲ ಕದಂಬೇಶ್ವರನ ಗುಡಿಗೆ ಹೋದ್ರು."

ಅಂಗಳದ ಜನ ಹತ್ತಿರ ಸರಿದರು.

"ಅಂದ್ರ ಅವರಿಗೆ ಗೊತ್ತಿತ್ತು," ಎಂದರು ಪ್ರಾಣೇಶ ಮಾಸ್ತರರು. ಪರಮೇಶಪ್ಪನವರು ನಿವೃತ್ತರಾದ ಶಾಲೆಗೆ ಈಗ ಇವರೇ ಮುಖ್ಯೋಪಾಧ್ಯಾಯರು. ಚಿಕ್ಕಂದಿನಲ್ಲಿ ಅವರ ಕೈಯಲ್ಲೇ ಏಟು ತಿಂದು ಕಲಿತವರು. ಸುದ್ದಿ ಬಂದೊಡನೆ ಶಾಲೆಗೆ ಅರ್ಧ ದಿನ ಸೂಟಿ ಕೊಟ್ಟು, ಸಂತಾಪದ ಠರಾವು ಬರೆದುಕೊಂಡು ಬಂದಿದ್ದರು. "ದಿನಾ ತಿಳದು, ವ್ಯಾಳ್ಯಾ ತಿಳದು, ಈಶ್ವರನ ಸನ್ನಿಧಿಗೆ ತಾವ ನಡಕೋತ ಹೋದ್ರು. ಇಂಥಾ ಸಾವು ಋಷಿಗಳಿಗೆ ಬರತದ್ರಿ." ಎಂದವರೇ ಜೇಬಿನಿಂದ ಪೆನ್ನು ತೆಗೆದು ಠರಾವಿನಲ್ಲಿ 'ಶಿಕ್ಷಕರು' ಎಂದಿದ್ದ ಕಡೆ 'ಶರಣರು' ಎಂದು ತಿದ್ದಿದರು. ಇಬ್ಬರು ಹೆಂಗಸರು ಪೂಜೆಯ ಕೋಣೆಯ ಹೊಸ್ತಿಲಿಗೆ ಹಣೆ ಹಚ್ಚಿದರು.

ಒಂದು ಗಂಟೆಗೆ ಹಾನಗಲ್ಲಿನ ಟೆಂಪೊ ಬಂತು. ಅದರಿಂದ ರುದ್ರೇಶನೂ ಅವನ ಇಬ್ಬರು ಕೆಲಸಗಾರರೂ ಇಳಿದರು. ಕಂಬ, ಹಗ್ಗ, ಬಿಳಿ ಬಟ್ಟೆ, ನೂರು ಖುರ್ಚಿ, ಎರಡು ನೀರಿನ ಡ್ರಮ್ಮು. ರುದ್ರೇಶ ಯಾರನ್ನೂ ಏನೂ ಕೇಳಲಿಲ್ಲ. ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಒಮ್ಮೆ ಮೇಲೆ ನೋಡಿದ, ಹೆಜ್ಜೆ ಹಾಕಿ ಅಳತೆ ಮಾಡಿದ, ಹಾರೆ ಹಿಡಿದ. ಚನ್ನೇಶ ಅವನ ಹತ್ತಿರ ಹೋಗಿ ನಿಂತ.

"ಅಣ್ಣಾರ," ಎಂದ ರುದ್ರೇಶ ತಗ್ಗಿದ ದನಿಯಲ್ಲಿ, "ಅಂಕಿತಾ ಹೆಂಗದಾರ್ರಿ?"

"ಇನ್ನೂ ಬಂದಿಲ್ಲಪಾ. ಫೋನೂ ಹತ್ತವೊಲ್ದು."

"ಮಾಸ್ತರ ನನಗ ಹೌದು ಅಂತಿದ್ರೋ ಅಲ್ಲ ಅಂತಿದ್ರೋ, ಅದು ಅವರ ಜೋಡಿ ಹ್ವಾತು. ನಾ ಅದನ್ನ ಕೇಳಾಕ ಬಂದಿಲ್ರಿ. ಮನ್ಯಾಗ ಗಂಡಮಕ್ಕಳಿಲ್ಲ. ವಯಸ್ಸಾದವರು ಬಿಸಿಲಾಗ ನಿಂತಾರ. ಯಾರು ಕಟ್ಟಿದ್ರು ಅಂತ ನೀವು ಹೇಳೂದೂ ಬ್ಯಾಡ. ಕಟ್ಟಿ ಹೊಕ್ಕೇನಿ."

'ಮನ್ಯಾಗ ಗಂಡಮಕ್ಕಳಿಲ್ಲ' ಎಂಬ ಮಾತು ಚನ್ನೇಶನಿಗೆ ಸ್ವಲ್ಪ ತಾಗಿತು. ಆದರೆ ವಾದಿಸುವ ಸಂದರ್ಭ ಅದಲ್ಲ. ಒಂದೂಕಾಲು ತಾಸಿನಲ್ಲಿ ಹದಿನಾರು ಕಂಬದ ಪೆಂಡಾಲು ನಿಂತಿತು. ನಡುವೆ ಇಟ್ಟಿಗೆ ಜೋಡಿಸಿ, ಹಲಗೆ ಹಾಕಿ, ಬೆನ್ನಿಗೆ ಆಸರೆ ಕಟ್ಟಿ, ಬಿಳಿ ಬಟ್ಟೆ ಹೊದಿಸಿ ರುದ್ರೇಶ ಗದ್ದುಗೆಯನ್ನೂ ಸಿದ್ಧ ಮಾಡಿದ. ಜನ ಖುರ್ಚಿಯಲ್ಲಿ ಕುಳಿತು ನೀರು ಕುಡಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ರಮಜಾನಬಿ ತಮ್ಮ ಮನೆಯಿಂದಲೇ ದೊಡ್ಡ ಪಾತೇಲಿಯಲ್ಲಿ ಚಹಾ ತಂದರು. ಉಳಿವೆಪ್ಪ ಊರಿನ ಇಬ್ಬರು ಮುದುಕಿಯರ ನಡುವೆ ಕುಳಿತು ಬಿಸ್ಕೀಟು ತಿನ್ನುತ್ತಿದ್ದ. ತಬ್ಬಲಿ ಮೊಮ್ಮಗನೆಂದು ಅವನಿಗೆ ಬಿಸ್ಕೀಟು ಎಲ್ಲ ಕಡೆಯಿಂದಲೂ ಬರುತ್ತಿತ್ತು.

ಎರಡೂವರೆಗೆ ಪ್ರಾಣೇಶ ಮಾಸ್ತರರು ಠರಾವು ಓದಿ ಮುಗಿಸಿ, ಮೃತರ ಆತ್ಮಶಾಂತಿಗಾಗಿ ಒಂದು ನಿಮಿಷ ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರಿದರು. ಇನ್ನೂರು ಜನ ಎದ್ದು, ಕಣ್ಣು ಮುಚ್ಚಿ, ತಲೆ ತಗ್ಗಿಸಿದರು.

ಅದೇ ಹೊತ್ತಿಗೆ ಬಸ್ಸಿಳಿದು ಛತ್ರಿ ಹಿಡಿದು ಪರಮೇಶಪ್ಪ ಮಾಸ್ತರರು ಬಂದರು. ಹೆಂಗಸರು ಕಾಯಿ, ಪ್ರಸಾದ ಹೊತ್ತು ಐವತ್ತು ಹೆಜ್ಜೆ ಹಿಂದಿದ್ದರು. ಮನೆಯ ಮುಂದೆ ಪೆಂಡಾಲು, ಅದರೊಳಗೆ ಊರಿಗೆ ಊರೇ ಮೌನವಾಗಿ ನಿಂತಿರುವುದು ಮಾಸ್ತರರ ಕಣ್ಣಿಗೆ ಬಿತ್ತು. ಮೌನಾಚರಣೆಯ ನಡುವೆ ಮಾತಾಡುವ ಹುಡುಗರನ್ನು ಮೂವತ್ತಾರು ವರ್ಷ ಬಡಿದವರು ಅವರು. ಛತ್ರಿ ಮಡಿಚಿ, ಕೊನೆಯ ಸಾಲಿನಲ್ಲಿ ಅಳಿಯನ ಪಕ್ಕ ನಿಂತು, ತಾವೂ ಕಣ್ಣು ಮುಚ್ಚಿ ತಲೆ ತಗ್ಗಿಸಿದರು.

ನಿಮಿಷ ಬಹಳ ದೊಡ್ಡದಿತ್ತು. ಅರ್ಧಕ್ಕೆ ಬಂದಾಗ ಮಾಸ್ತರರಿಗೂ ತಡೆಯಲಾಗಲಿಲ್ಲ. ತುಟಿ ಅಲುಗದಂತೆ ಕೇಳಿದರು: "ಯಾರಪಾ?"

"ನಮ್ಮ ಮಾವನವರ್ರಿ," ಎಂದ ಚನ್ನೇಶ, ಕಣ್ಣು ತೆರೆಯದೆ.

"ಯಾವ ಮಾವ?"

"ಪರಮೇಶಪ್ಪ ಮಾಸ್ತರ್ರಿ."

ಮಾಸ್ತರರು ಸ್ವಲ್ಪ ಯೋಚಿಸಿದರು. "ಯಾವಾಗ?"

"ಮುಂಜಾನೆ. ರಟ್ಟೀಹಳ್ಳ್ಯಾಗ."

"ನಾ ಅಲ್ಲೇ ಇದ್ನೆಲ್ಲೋ," ಎಂದರು ಮಾಸ್ತರರು.

ಚನ್ನೇಶ ಕಣ್ಣು ತೆರೆದ. ಅವನು ಹಾಕಿದ ಕೂಗಿಗೆ ಇನ್ನೂರು ಜನರೂ ಕಣ್ಣು ತೆರೆದರು. ರಮಜಾನಬಿಯ ಪಾತೇಲಿ ಕೈಜಾರಿತು. ಮುದಕವ್ವ ಮಾತ್ರ ಧೃತಿಗೆಡಲಿಲ್ಲ. ಜನರನ್ನು ಸರಿಸಿಕೊಂಡು ಬಂದು ತಮ್ಮನ ಕೆನ್ನೆ ಮುಟ್ಟಿ ನೋಡಿದರು, ಬಿಸಿ ಇದೆಯೆಂದು ಖಾತ್ರಿ ಮಾಡಿಕೊಂಡು ಅದೇ ಕೆನ್ನೆಗೆ ಒಂದು ಹೊಡೆದರು.

"ಜೀವಂತ ಇದ್ರ ಹೇಳಬಾರದೇನೋ! ಅರವತ್ತ ಕಿಲೋಮೀಟರ್ ಅಳಕೋತ ಬಂದೇನಿ!"

"ಅಕ್ಕಾ, ಕೂಡು. ಎಲ್ಲಾರೂ ಕೂಡ್ರಿ," ಎಂದರು ಮಾಸ್ತರರು. ಇನ್ನೂರು ಜನ ಕೂತರು. ವಿಚಾರಣೆ ಆರಂಭವಾಯಿತು. ಕೈಚೀಲದಿಂದ ಫೋನ್ ಇಸಿದುಕೊಂಡು ರಂಜನಾ ಗಂಡನ ನಂಬರಿಗೆ ಹಚ್ಚಿದಳು. ಒಳಕೋಣೆಯಿಂದ ಗೋವಿನಜೋಳ ಸದ್ದು ಮಾಡಿತು. ಫೋನ್ ಹೊರಗೆ ಬಂತು, ಫೋಟೋ ಹೊರಗೆ ಬಂತು, ಒಂಬತ್ತು ಜೋಡಿ ಕೈಗಳೂ ಹೊರಗೆ ಬಂದವು. ಅಪರಾಧಿಯನ್ನು ಕರೆತಂದು ಎದುರಿಗೆ ನಿಲ್ಲಿಸಿದರು. ಅವನು ಫೋನನ್ನು ನೋಡಿ ಎರಡೂ ಕೈ ಚಾಚಿದ.

"ಯಾರಿಗೂ ಕಳಸಬ್ಯಾಡ ಅಂತ ನಿನಗ ಹೇಳಿದ್ನೋ ಇಲ್ಲೋ?" ಮಾಸ್ತರರು ಅಳಿಯನನ್ನು ಕೇಳಿದರು.

"ಹೇಳಿದ್ರಿ."

"ನೀ ಏನ ಮಾಡಾಕತ್ತಿದ್ದಿ?"

"ಮಕ್ಕೊಂಡಿದ್ನಿ."

"ಎರಡ ವರ್ಷದ ಕೂಸು ನನ್ನ ಮಣ್ಣು ಮಾಡೂಮಟಾ?"

ಚನ್ನೇಶ ತಲೆ ತಗ್ಗಿಸಿದ. ಅಂಕಿತಾ ಬಾಗಿಲಲ್ಲಿ ನಿಂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸಂಜೆಯ ಉತ್ತರ ಏನೆಂದು ಅವಳಿಗೆ ಆಗಲೇ ತಿಳಿದುಹೋಗಿತ್ತು.

ಪ್ರಾಣೇಶ ಮಾಸ್ತರರು ಕೈ ಎತ್ತಿದರು. ಮುಖ್ಯೋಪಾಧ್ಯಾಯರಾದರೂ ಆ ಮನುಷ್ಯನ ಮುಂದೆ ಕೈ ಎತ್ತದೆ ಮಾತಾಡಿ ಅವರಿಗೆ ಅಭ್ಯಾಸವಿಲ್ಲ. "ಸರ್, ಶಾಲಿಗೆ ಸೂಟಿ ಕೊಟ್ಟುಬಿಟ್ಟೇನ್ರಿ. ಇನ್ನ ದಫ್ತರದಾಗ ಏನಂತ ಕಾರಣಾ ಬರೀಲಿ?"

"ಖರೇ ಏನೈತಿ ಅದನ್ನ ಬರಿ."

"ನಿವೃತ್ತ ಶಿಕ್ಷಕರು ತೀರಿಕೊಳ್ಳದ ಪ್ರಯುಕ್ತ ಅಂತೇನ್ರಿ?"

"ಶನಿವಾರ ಮಧ್ಯಾಹ್ನ ಶಾಲಿ ನಡಸಿ ಭರ್ತಿ ಮಾಡು," ಎಂದು ಮಾಸ್ತರರು ಆ ಕಡತ ಮುಗಿಸಿದರು. ಆಮೇಲೆ ತಲೆ ಎತ್ತಿ ಮೇಲಿನ ಬಟ್ಟೆಯನ್ನು ನೋಡಿದರು. "ಈ ಪೆಂಡಾಲು ಯಾರು ಕಟ್ಟಿದ್ದು?"

ಮಾಸ್ತರರು ಅಳಿಯನ ಕಡೆ ತಿರುಗಿದರು. ಹುಡುಗ ಚಲೋ ಅದಾನ್ರಿ ಎಂಬ ಮಾತು ಚನ್ನೇಶನ ಗಂಟಲವರೆಗೆ ಬಂತು. ಬಾಗಿಲಿನಿಂದ ಅಂಕಿತಾ ನೋಡಿದ ನೋಟಕ್ಕೆ ಅದು ಅಲ್ಲೇ ನಿಂತಿತು. ಅವನು ಬಾಯಿ ಮುಚ್ಚಿಕೊಂಡ.

"ನಾನ್ರಿ," ಎಂದು ರುದ್ರೇಶ ಹಿಂದಿನ ಕಂಬದ ಬಳಿಯಿಂದ ಮುಂದೆ ಬಂದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಸುದ್ದಿ ಕೇಳಿ ಬಂದೆ."

"ಹಾನಗಲ್ಲಾಗ ಇವತ್ತ ಕೆಲಸ ಇರಲಿಲ್ಲೇನು?"

"ಒಂದು ಮದವಿ ಐತ್ರಿ ನಾಳೆ. ಅದನ್ನ ತಮ್ಮಗ ಒಪ್ಪಿಸಿ ಬಂದೇನಿ."

"ನಾ ಸತ್ತ ಮ್ಯಾಲ ನಿನಗ ಹೌದು ಅನ್ನಾಕ ಯಾರಿದ್ರು?"

"ಅದಕ್ಕ ಬಂದಿದ್ದಿಲ್ರಿ."

ಮಾಸ್ತರರು ಮೊದಲ ಕಂಬದ ಹತ್ತಿರ ಹೋಗಿ ಹಗ್ಗ ಎಳೆದು ನೋಡಿದರು. ಎರಡನೆಯದನ್ನು ಭುಜ ಕೊಟ್ಟು ತಳ್ಳಿದರು. ಇನ್ನೂರು ಜನ ಕತ್ತು ತಿರುಗಿಸುತ್ತ ನೋಡುತ್ತಿದ್ದರು. ಉತ್ತರಪತ್ರಿಕೆ ತಿದ್ದುವಾಗ ಅವರು ಹೀಗೆಯೇ ಒಂದು ಸಾಲೂ ಬಿಡುತ್ತಿರಲಿಲ್ಲ. ಹದಿನಾರೂ ಕಂಬ ಮುಗಿದವು. ಒಂದೂ ಅಲುಗಲಿಲ್ಲ. ಕೊನೆಗೆ ನಡುವಿನ ಗದ್ದುಗೆಯ ಮುಂದೆ ಬಂದು ನಿಂತರು, ಮೆಟ್ಟು ಕಳೆದರು, ಒಂದು ಕಾಲು ಮೇಲಿಟ್ಟರು.

"ಏ, ಇಳೀರಿ! ಅದರ ಮ್ಯಾಲ ಕುಂದರಬಾರದು!" ವೀರವ್ವ ಕೂಗಿದರು.

"ಯಾರಿಗೆ ಕಟ್ಟಿದ್ದು ಇದು?" ಎಂದು ಮಾಸ್ತರರು ಕೇಳಿದರು. ಅವರು ಹತ್ತಿ ಕುಳಿತರು. ಬೆನ್ನು ಆನಿಸಿದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಭಾರ ಹಾಕಿ ಜೋರಾಗಿ ಅಲುಗಾಡಿದರು. ಇಟ್ಟಿಗೆ ಕದಲಲಿಲ್ಲ, ಹಲಗೆ ಕಿರಗುಟ್ಟಲಿಲ್ಲ. ಮಾಸ್ತರರು ಕೈ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಮುಖ ಬೆಳಗಿನ ಫೋಟೋದಲ್ಲಿದ್ದಷ್ಟೇ ಶಾಂತವಾಗಿತ್ತು.

"ಗಟ್ಟಿ ಐತಿ," ಎಂದರು. "ಅಂಕಿತಾನ ಕರೀರಿ."